ದೇವರ ರಾಜ್ಯ ಅಂದ್ರೆ ಸತ್ತ ಮೇಲೆ ಹೋಗೋ ಜಾಗವಾ?

ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು ಅಂತ ಗೊತ್ತಾದವರು ಇವತ್ತಲ್ಲ ನಾಳೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ನೀವು ಯಾವಾಗ್ಲೂ ದೇವರ ರಾಜ್ಯ, ದೇವರ ರಾಜ್ಯ ಅಂತೀರಲ್ಲ, ಅದು ಸ್ವರ್ಗ ತಾನೇ?" ಕೆಲವರು ಸ್ವಲ್ಪ ಅನುಮಾನದಿಂದಲೇ ಕೇಳುತ್ತಾರೆ: "ಅಂದ್ರೆ ಎಲ್ಲರನ್ನೂ ಕ್ರೈಸ್ತರನ್ನಾಗಿ ಮಾಡಿ ನೀವೇ ಆಳೋದಾ?" ಎರಡಕ್ಕೂ ನನ್ನ ಉತ್ತರ ಅಲ್ಲ ಅಂತ. ಆದರೆ ಬರೀ ಅಲ್ಲ ಅಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸ್ವರ್ಗದ ಮಾತು. ಹಾಗೆ ಅಂದುಕೊಂಡವರದ್ದು ತಪ್ಪೇನಿಲ್ಲ. ನಮ್ಮ ಸಭೆಗಳಲ್ಲೇ, ಅದರಲ್ಲೂ ಸಾವಿನ ಮನೆಯ ಪ್ರಾರ್ಥನೆಯಲ್ಲಿ, ಎರಡೂ ಒಂದೇ ಅನ್ನುವ ಹಾಗೆ ಮಾತಾಡುತ್ತೇವೆ. ಆದರೆ ಯೇಸು ಶಿಷ್ಯರಿಗೆ ಕಲಿಸಿದ, ನಾವು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಕರ್ತನ ಪ್ರಾರ್ಥನೆಯನ್ನು ಒಂದು ಸಲ ನಿಧಾನವಾಗಿ ಓದಿ ನೋಡಿ. "ನಿನ್ನ ರಾಜ್ಯವು ಬರಲಿ; ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ." ನಮ್ಮನ್ನು ಮೇಲಕ್ಕೆ ಕರೆದುಕೋ ಅಂತ ಎಲ್ಲಿದೆ? ಅದೇ ಇಲ್ಲಿಗೆ ಬರಲಿ ಅಂತ ಕೇಳುತ್ತಿದ್ದೇವೆ. ಅದರ ಬೆನ್ನಿಗೇ ಈ ಹೊತ್ತಿನ ಊಟ ಕೇಳುತ್ತೇವೆ. ಸತ್ತ ಮೇಲಿನ ಊರಿನ ಮಾತಾಗಿದ್ದರೆ ಊಟದ ಚಿಂತೆ ಯಾಕೆ, ಅಲ್ವಾ? ಸತ್ತವರು ಎದ್ದು ಬರುತ್ತಾರೆ ಅನ್ನುವ ನಂಬಿಕೆ ನಮಗಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಯೇಸು ಊರೂರು ಸುತ್ತಿ ಸಾರಿದ್ದು "ಸತ್ತ ಮೇಲೆ ಎಲ್ಲಿಗೆ ಹೋಗಬೇಕು" ಅನ್ನುವುದನ್ನಲ್ಲ. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತೇವೆ; ಅದರಲ್ಲಿ ಮಾರ್ಕನ ಸುವಾರ್ತೆಯಲ್ಲಿ ಅವನು ಬಾಯಿಬಿಟ್ಟು ಆಡುವ ಮೊದಲ ಮಾತೇ "ಕಾಲ ತುಂಬಿತು, ದೇವರ ರಾಜ್ಯ ಹತ್ತಿರ ಬಂತು" ಅಂತ.

ಈ ರಾಜ್ಯದ ಮಾತಿಗೆ ಹಳೆಯ ಕಥೆಯೊಂದಿದೆ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ ಇಸ್ರಾಯೇಲಿನ ಹಿರಿಯರು ಪ್ರವಾದಿ ಸಮುವೇಲನ ಹತ್ತಿರ ಬಂದು, ಬೇರೆಯವರಿಗೆಲ್ಲ ಇರುವ ಹಾಗೆ ನಮಗೂ ಒಬ್ಬ ಅರಸ ಬೇಕು ಅಂತ ಪಟ್ಟು ಹಿಡಿಯುತ್ತಾರೆ. ದೇವರು ಸಮುವೇಲನಿಗೆ ಹೇಳುತ್ತಾನೆ, ಅವರು ಬೇಡ ಅಂದಿದ್ದು ನಿನ್ನನ್ನಲ್ಲ, ನಾನು ಅವರ ಅರಸನಾಗಿರುವುದನ್ನೇ ಬೇಡ ಅಂದರು ಅಂತ. ಆಮೇಲೆ ಸಮುವೇಲ ಒಂದು ಪಟ್ಟಿ ಓದುತ್ತಾನೆ. ಅರಸ ನಿಮ್ಮ ಗಂಡುಮಕ್ಕಳನ್ನು ರಥಕ್ಕೆ, ಕುದುರೆಗೆ ಹಾಕಿಕೊಳ್ಳುತ್ತಾನೆ, ಕೆಲವರನ್ನು ರಥದ ಮುಂದೆ ಓಡಿಸುತ್ತಾನೆ. ಹೆಣ್ಣುಮಕ್ಕಳನ್ನು ಸುಗಂಧ ತಯಾರಿಸಲು, ಅಡುಗೆಗೆ, ರೊಟ್ಟಿ ಸುಡಲು ಕರೆದುಕೊಂಡು ಹೋಗುತ್ತಾನೆ. ಒಳ್ಳೊಳ್ಳೆ ಹೊಲ, ದ್ರಾಕ್ಷಿತೋಟ ಕಿತ್ತು ತನ್ನ ಅಧಿಕಾರಿಗಳಿಗೆ ಕೊಡುತ್ತಾನೆ. ಬೆಳೆಯಲ್ಲಿ ಹತ್ತನೇ ಪಾಲು, ಕುರಿಯಲ್ಲಿ ಹತ್ತನೇ ಪಾಲು. ಕೊನೆಗೆ ನೀವೇ ಅವನ ಆಳುಗಳಾಗುತ್ತೀರಿ. ಇಷ್ಟು ಕೇಳಿಯೂ ಜನ "ಇರಲಿ, ನಮಗೆ ಅರಸ ಬೇಕೇ ಬೇಕು" ಅನ್ನುತ್ತಾರೆ. ದೇವರು ಆಳಬೇಕು ಅನ್ನುವ ಆಸೆಯ ಹಿಂದೆ ಮನುಷ್ಯರ ಆಳ್ವಿಕೆ ಕಂಡು ಬೇಸತ್ತ ಅನುಭವ ಇದೆ. ನನಗಂತೂ ಇಡೀ ವಿಷಯದ ಬೇರು ಇಲ್ಲೇ ಕಾಣುತ್ತದೆ.

ಯೇಸುವಿನ ಕಾಲಕ್ಕೆ ಬಂದರೆ ಆಳುತ್ತಿದ್ದದ್ದು ರೋಮ್. ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಯೆರೂಸಲೇಮನ್ನು ಹಿಡಿದಿದ್ದ. ಕ್ರಿ.ಶ. 6ರಲ್ಲಿ ತೆರಿಗೆಗಾಗಿ ಜನಗಣತಿ ಮಾಡಿದಾಗ ಗಲಿಲಾಯದ ಯೂದ ಅನ್ನುವವನು, ದೇವರೊಬ್ಬನೇ ನಮ್ಮ ಒಡೆಯ ಅಂತ ಹೇಳಿ ಜನರನ್ನು ದಂಗೆ ಎಬ್ಬಿಸಿದ. ಆ ದಂಗೆ ನೆಲಕಚ್ಚಿತು. ಅಂಥ ಗಲಿಲಾಯದಲ್ಲಿ ಇನ್ನೊಬ್ಬ ಬಂದು ದೇವರ ರಾಜ್ಯ ಅಂದರೆ ಕೇಳಿದವರ ಕಿವಿ ನೆಟ್ಟಗಾಗದೆ ಇರುತ್ತದಾ? ಐದು ಸಾವಿರ ಜನಕ್ಕೆ ಊಟ ಹಾಕಿದ ದಿನ ಅವನನ್ನು ಬಲವಂತವಾಗಿ ಅರಸನನ್ನಾಗಿ ಮಾಡಲು ಹೊರಟರು ಅಂತ ಯೋಹಾನ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಯೇಸು ಒಬ್ಬನೇ ಬೆಟ್ಟಕ್ಕೆ ಹೋಗಿಬಿಟ್ಟ. ಆಮೇಲೆ ವಿಚಾರಣೆ ಮಾಡಿದ ರೋಮಿನ ಅಧಿಕಾರಿ ಪಿಲಾತನ ಮುಂದೆ "ನನ್ನ ರಾಜ್ಯ ಈ ಲೋಕದ್ದಲ್ಲ" ಅಂದ. ಈ ಮಾತನ್ನು ಹಿಡಿದುಕೊಂಡು, ನೋಡಿ, ಅದು ಮೇಲೆಲ್ಲೋ ಇದೆ ಅನ್ನುವವರು ಜಾಸ್ತಿ. ಅವರು ಮುಂದಿನ ಸಾಲು ಓದುವುದಿಲ್ಲ. ಈ ಲೋಕದ್ದಾಗಿದ್ದರೆ ನನ್ನವರು ನನಗಾಗಿ ಹೊಡೆದಾಡುತ್ತಿದ್ದರು ಅನ್ನುತ್ತಾನೆ. ಅಂದರೆ ಕತ್ತಿ ಹಿಡಿದು ಕಟ್ಟುವ ರಾಜ್ಯ ಅಲ್ಲ ಅಂತ. ಪಿಲಾತ ಮಾತ್ರ ತನಗೆ ಅರ್ಥವಾದಷ್ಟನ್ನು "ಯೆಹೂದ್ಯರ ಅರಸ" ಅಂತ ಮೂರು ಭಾಷೆಯಲ್ಲಿ ಬರೆಸಿ ಶಿಲುಬೆಯ ಮೇಲೆ ಹಾಕಿಸಿದ.

ಸರಿ, ಹಾಗಾದರೆ ದೇವರು ಆಳಿದರೆ ಹೇಗಿರುತ್ತದೆ? ಯೇಸು ಎಲ್ಲೂ ಇದರ ವಿವರಣೆ ಕೊಡುವುದಿಲ್ಲ, ಕಥೆ ಹೇಳುತ್ತಾನೆ. ಸಾಸಿವೆ ಕಾಳು, ಹುಳಿಹಿಟ್ಟು, ಕಳೆ ಬೆರೆತ ಗೋಧಿ ಹೊಲ ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗಿದ್ದೂ ನನ್ನನ್ನು ಕೆಣಕಿದ್ದೂ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಕಥೆ. ಯಜಮಾನ ಬೆಳಗಿನ ಜಾವ ಪೇಟೆಗೆ ಹೋಗಿ ಕೂಲಿಗೆ ಆಳು ಕರೆಯುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ, ಅದು ಆಗಿನ ದಿನಗೂಲಿ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೂ ಹೋಗುತ್ತಾನೆ. ಸಂಜೆ ಐದಕ್ಕೆ ಹೋದರೆ ಇನ್ನೂ ಕೆಲವರು ನಿಂತಿದ್ದಾರೆ. ಇಡೀ ದಿನ ಸುಮ್ನೆ ಯಾಕೆ ನಿಂತಿದ್ದೀರಿ? "ನಮ್ಮನ್ನು ಯಾರೂ ಕರೀಲಿಲ್ಲ." ಅವರನ್ನೂ ಕಳಿಸುತ್ತಾನೆ. ಕತ್ತಲಾಗುವಾಗ ಕೊನೆಗೆ ಬಂದವರಿಂದ ಶುರುಮಾಡಿ ಎಲ್ಲರಿಗೂ ಪೂರ್ತಿ ಒಂದು ನಾಣ್ಯ ಕೊಡಿಸುತ್ತಾನೆ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರಿಗೆ ಸಿಟ್ಟು ಬರುತ್ತದೆ, ಬರದೆ ಇರುತ್ತದಾ. ಯಾವ ಯೂನಿಯನ್ ಆದರೂ ಗಲಾಟೆ ಮಾಡುತ್ತದೆ. ಆದರೆ ಯಾರೂ ಕರೆಯದ ಆ ಆಳುಗಳ ಕಡೆಯಿಂದ ನೋಡಿ. ಅವರ ಮನೆಯ ಮಕ್ಕಳಿಗೂ ಅವತ್ತು ರಾತ್ರಿ ರೊಟ್ಟಿ ಬೇಕಲ್ಲ, ಒಂದು ಗಂಟೆಯ ಕೂಲಿಗೆ ಎಷ್ಟು ಹಿಟ್ಟು ಬಂದೀತು? ಪರಲೋಕ ರಾಜ್ಯ ಇದಕ್ಕೆ ಸಮಾನ ಅಂತಲೇ ಯೇಸು ಕಥೆ ಶುರುಮಾಡುತ್ತಾನೆ; ದೇವರ ರಾಜ್ಯಕ್ಕೆ ಮತ್ತಾಯ ಹೆಚ್ಚಾಗಿ ಬಳಸುವ ಹೆಸರು ಅದು. ಬರೀ ಆತ್ಮದ ವಿಷಯ ಅಂತ ಇದನ್ನು ಸವರಿ ಬಿಡುವ ಬೋಧನೆ ಕೇಳಿದಾಗ ನನಗೆ ಬೇಜಾರಾಗುತ್ತದೆ.

ಇಲ್ಲಿಗೆ ಬರುವ ರಾಜ್ಯ ಅಂದ್ರೆ ಬಂದಿದೆಯಾ, ಇನ್ನೂ ಬರಬೇಕಾ? ಸುವಾರ್ತೆಗಳಲ್ಲಿ ಎರಡೂ ಇವೆ. ನಾನು ದೆವ್ವಗಳನ್ನು ಬಿಡಿಸುತ್ತಿರುವುದು ದೇವರ ಬಲದಿಂದಲೇ ಆದರೆ ದೇವರ ರಾಜ್ಯ ನಿಮ್ಮ ಹತ್ತಿರಕ್ಕೆ ಬಂದಾಯಿತು ಅನ್ನುವವನೂ ಅವನೇ, ಬರಲಿ ಅಂತ ಬೇಡಿಕೊಳ್ಳಿ ಅಂತ ಕಲಿಸಿದವನೂ ಅವನೇ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಆಸ್ಕರ್ ಕುಲ್ಮನ್ ಅನ್ನುವ ದೇವಶಾಸ್ತ್ರಜ್ಞ ಇದಕ್ಕೊಂದು ಹೋಲಿಕೆ ಕೊಟ್ಟ. ಯುದ್ಧದ ಗತಿ ತೀರ್ಮಾನವಾಗುವ ಕದನ ಮೊದಲೇ ಆಗಿಹೋಗಿರಬಹುದು, ಆದರೂ ಯುದ್ಧ ಇನ್ನೂ ನಡೆಯುತ್ತಿರುತ್ತದೆ, ವಿಜಯದ ದಿನ ಆಮೇಲೆ ಬರುತ್ತದೆ. ನಾರ್ಮಂಡಿಯಲ್ಲಿ ಸೈನ್ಯ ಇಳಿದದ್ದು 1944ರ ಜೂನ್ 6, ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ 8. ಅದರ ನಡುವಿನ ತಿಂಗಳುಗಳಲ್ಲಿ ಸತ್ತವರೂ ಬಹಳ. ಯೇಸು ಎದ್ದುಬಂದ ಮೇಲೂ ಲೋಕದಲ್ಲಿ ಇಷ್ಟೊಂದು ಅನ್ಯಾಯ ಯಾಕಿದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದರಿಂದ ಪೂರ್ತಿ ಬಾಯಿ ಮುಚ್ಚಿಸಲು ಆಗುವುದಿಲ್ಲ ಅಂತಲೂ ಗೊತ್ತು.

ಈಗ, ಎಲ್ಲರನ್ನೂ ಕ್ರೈಸ್ತರನ್ನಾಗಿ ಮಾಡಿ ನೀವೇ ಆಳೋದಾ ಅನ್ನುವ ಆ ಅನುಮಾನದ ಪ್ರಶ್ನೆ. ಅನುಮಾನಕ್ಕೆ ಕಾರಣ ನಾವೇ ಕೊಟ್ಟಿದ್ದೇವೆ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಊರನ್ನು ಅನಾಬ್ಯಾಪ್ಟಿಸ್ಟರು ಅನ್ನುವ ಕ್ರೈಸ್ತ ಪಂಗಡದವರು ವಶಮಾಡಿಕೊಂಡು, ದೇವರು ಆಳುವ ಹೊಸ ಯೆರೂಸಲೇಮ್ ಇದೇ ಅಂತ ಸಾರಿದರು. ಲೈಡನ್ನಿನ ಯಾನ್ ಅನ್ನುವವನು ತಾನೇ ಅರಸ ಅಂತ ಘೋಷಿಸಿಕೊಂಡ, ಹಲವು ಮದುವೆಯಾದ, ಎದುರಾಡಿದವರ ತಲೆ ತೆಗೆಸಿದ. ಸಮುವೇಲನ ಪಟ್ಟಿ ನೆನಪಾಗುತ್ತದೆ. ಮರುವರ್ಷ ಬಿಷಪ್ಪನ ಸೈನ್ಯ ಊರನ್ನು ಹಿಡಿಯಿತು. ಅವನನ್ನೂ ಇನ್ನಿಬ್ಬರನ್ನೂ ಚಿತ್ರಹಿಂಸೆ ಕೊಟ್ಟು ಕೊಂದು, ಹೆಣಗಳನ್ನು ಕಬ್ಬಿಣದ ಪಂಜರದಲ್ಲಿಟ್ಟು ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಆ ಮೂರು ಪಂಜರ ಈಗಲೂ ಅಲ್ಲಿವೆ. ಆಳಿದವರೂ ದೇವರ ಹೆಸರಿನಲ್ಲೇ ಆಳಿದರು, ನೇತುಹಾಕಿದವರೂ ದೇವರ ಹೆಸರಿನಲ್ಲೇ ನೇತುಹಾಕಿದರು. ಇತ್ತ ಪಕ್ಕದ ಗೋವಾದಲ್ಲಿ 1560ರಲ್ಲಿ ಶುರುವಾದ ಇನ್ಕ್ವಿಸಿಷನ್‌ಗೆ, ಅಂದರೆ ನಂಬಿಕೆ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯಕ್ಕೆ, ಹೆದರಿ ಕರಾವಳಿಗುಂಟ ಕೆಳಗೆ ಬಂದವರಲ್ಲಿ ಕ್ರೈಸ್ತರೂ ಇದ್ದರು. ಹಾಗಾಗಿ ಯಾರಾದರೂ ವೇದಿಕೆ ಮೇಲೆ ನಿಂತು ದೇವರ ರಾಜ್ಯ ಸ್ಥಾಪಿಸುತ್ತೇನೆ ಅಂದರೆ ಮೊದಲು ಹೆದರಬೇಕಾದವರು ನಾವೇ. ಸುವಾರ್ತೆಗಳಲ್ಲಿ ಅದನ್ನು ಮನುಷ್ಯರು ಸ್ಥಾಪಿಸುವುದಿಲ್ಲ. ಅದು ಬರುತ್ತದೆ, ಸಿಗುತ್ತದೆ, ಅದರೊಳಗೆ ಸೇರುತ್ತಾರೆ. ಹಾಗೆ ಸೇರುವವರಲ್ಲಿ ಸುಂಕದವರೂ ವೇಶ್ಯೆಯರೂ ನಿಮಗಿಂತ ಮುಂದಿದ್ದಾರೆ ಅಂತ ಯೇಸು ಹೇಳಿದ್ದು ಮಹಾಯಾಜಕರ ಮುಖಕ್ಕೇ.

ಹಾಗಾದ್ರೆ ರಾಮರಾಜ್ಯದ ಹಾಗಾ ಅಂತಲೂ ಕೇಳುತ್ತಾರೆ. ಗಾಂಧೀಜಿ 1929ರಲ್ಲಿ ಯಂಗ್ ಇಂಡಿಯಾದಲ್ಲಿ, ರಾಮರಾಜ್ಯ ಅಂದರೆ ಹಿಂದೂ ರಾಜ್ಯ ಅಂತ ನನ್ನ ಅರ್ಥ ಅಲ್ಲ, ದೇವರ ರಾಜ್ಯ ಅಂತ ಬರೆದರು. ಈ ವಿಷಯದಲ್ಲಿ ಅವರು ನಮ್ಮ ಎಷ್ಟೋ ಬೋಧಕರಿಗಿಂತ ಹುಷಾರಾಗಿದ್ದರು ಅಂತ ನನಗನ್ನಿಸುತ್ತದೆ.

ಕೊನೆಯದಾಗಿ, ಯಾವಾಗ ಬರುತ್ತೆ? ಶಿಷ್ಯರೂ ಇದನ್ನೇ ಕೇಳಿ, ಆ ಕಾಲ ತಿಳಿಯುವುದು ನಿಮ್ಮ ಕೆಲಸವಲ್ಲ ಅಂತ ಅನ್ನಿಸಿಕೊಂಡಿದ್ದಾರೆ. ಆದರೂ ಲೆಕ್ಕ ಹಾಕುವವರು ನಿಲ್ಲಿಸಲಿಲ್ಲ. ಜರ್ಮನಿಯ ವ್ಯುರ್ಟೆಂಬರ್ಗಿನ ಬೆಂಗೆಲ್ ಅನ್ನುವ ದೊಡ್ಡ ವಿದ್ವಾಂಸ ಬೈಬಲಿನ ಕೊನೆಯದಾದ ಪ್ರಕಟಣೆ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕಿ 1836 ಅಂದ. ಆ ಸೀಮೆಯ ಭಕ್ತರಲ್ಲಿ ಅವನ ಮಾತಿಗೆ ಬಹಳ ಬೆಲೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಜನ, ಹಣ ಎರಡೂ ಬಹುಮಟ್ಟಿಗೆ ಅದೇ ಸೀಮೆಯಿಂದ ಬರುತ್ತಿತ್ತು. 1836 ಬಂತು, ಏನೂ ಆಗಲಿಲ್ಲ. ಅದೇ ವರ್ಷ ವ್ಯುರ್ಟೆಂಬರ್ಗಿನ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದ. ಅವನು 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವೇ ಕನ್ನಡದ ಮೊದಲ ಪತ್ರಿಕೆ. ತಾರೀಕು ಹೇಳುವ ವಿಡಿಯೋ ಯಾರಾದರೂ ಕಳಿಸಿದರೆ ನಾನು ಈ ಬೆಂಗೆಲ್ ಕಥೆ ಹೇಳಿ ಸುಮ್ಮನಾಗುತ್ತೇನೆ.

ನೀವೇ ಓದಿ ನೋಡಬೇಕು ಅನ್ನಿಸಿದರೆ ಪ್ರಕಟಣೆ ಪುಸ್ತಕದಿಂದ ಶುರುಮಾಡಬೇಡಿ. ಮಾರ್ಕನ 4ನೇ ಅಧ್ಯಾಯ ಓದಿ, ಆಮೇಲೆ ಮತ್ತಾಯ 13, ಮತ್ತಾಯ 20. ಒಂದು ಸಂಜೆ ಸಾಕು.