ಹೊಸ ಚೂರಿ ಹಿಡಿದು ಹೆಬ್ರಿಗೆ ಹೋಗಿದ್ದು

ಚೂರಿ ಪರೀಕ್ಷೆ ಮಾಡಲು ಕಾಡೇ ಬೇಕು ಅಂತ ಹೊರಡಬೇಡಿ. ಗುರುತಿನವರ ಹಾಡಿ, ಅಂದರೆ ಮರಗಿಡ ಬೆಳೆದ ಖಾಸಗಿ ಜಾಗ, ಸಾಕು. ಇಷ್ಟು ತಿಳಿಯಲಿಕ್ಕೆ ನನಗೆ 2,800 ರೂಪಾಯಿ ಖರ್ಚಾಯಿತು.

ಚೂರಿ ಕಾರ್ಕಳ ಕಡೆಯ ಒಂದು ಕುಲುಮೆಯದ್ದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮಾಡಿದ್ದು. ಅಲಗು ನಾಲ್ಕೂವರೆ ಇಂಚು, ಬೆನ್ನು 4 ಮಿಲಿಮೀಟರ್ ದಪ್ಪ. ಉಕ್ಕು ಹಿಡಿಯ ತುದಿವರೆಗೂ ಹೋಗಿದೆ. ಬುಷ್‌ಕ್ರಾಫ್ಟ್, ಅಂದರೆ ಕಾಡಿನಲ್ಲಿ ಸಿಕ್ಕಿದ್ದರಲ್ಲೇ ಬೆಂಕಿ, ಅಡುಗೆ, ಆಸರೆ ಮಾಡಿಕೊಳ್ಳುವ ಹವ್ಯಾಸ, ಅಂತ ವಿವರಿಸಿದರೆ ಕುಲುಮೆಯ ಆಚಾರ್ರು ನಕ್ಕರು. "ಕತ್ತಿ ಇರುವಾಗ ಇದೆಂತಕ್ಕೆ ಮಾರಾಯ್ರೆ?" ಕತ್ತಿ ಅಂದರೆ ನಮ್ಮಲ್ಲಿ ಪೊದೆ, ಕಟ್ಟಿಗೆ ಕಡಿಯುವ ಮಚ್ಚು.

ಉಡುಪಿ ಜಿಲ್ಲೆಯ ಹೆಬ್ರಿಯಿಂದ ಆಚೆ ಒಂದು 'ಜಂಗಲ್ ಕ್ಯಾಂಪ್' ಬುಕ್ ಮಾಡಿದ್ದೆ. ಬೆಂಕಿ ಹಾಕಬಹುದು, ಚೂರಿ ಕೆಲಸ ಮಾಡಬಹುದು ಅಂತ ಫೋನಿನಲ್ಲಿ ಹೇಳಿದ್ದರು. ಹೋದ ಮೇಲೆ ಬೇರೆ ರಾಗ. ಬೇಲಿಯ ಆಚೆ ಸೋಮೇಶ್ವರ ಅಭಯಾರಣ್ಯ, ಚೂರಿ ಬ್ಯಾಗಿನಿಂದ ತೆಗೀಲೇಬೇಡಿ ಅಂದರು. ಕಾನೂನು ಇರುವುದೇ ಹಾಗೆ. 1972ರ ವನ್ಯಜೀವಿ ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಬಂದೂಕು, ಬಿಲ್ಲು-ಬಾಣದ ಜೊತೆ ಚೂರಿಯ ಹೆಸರೂ ಇದೆ. ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದ ಒಳಗೆ ಒಯ್ಯುವ ಹಾಗಿಲ್ಲ. ಬೆಂಕಿಯ ಮಾತಂತೂ ಬಿಡಿ. ಆದರೆ ಇದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬಹುದಿತ್ತು, ಅಲ್ವಾ?

ಸಂಜೆ ಅಂಗಳದಲ್ಲಿ ಸಾಮಿಲ್ಲಿನ ಕಟ್ಟಿಗೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಕಟ್ಟಿಗೆಗೆ ಬೇರೆ 400. ಊರು ಬಿಟ್ಟು ಬಂದ ಎರಡು ತಂಡ, ಒಂದು ದೊಡ್ಡ ಸ್ಪೀಕರ್. ನನಗೆ ನಾಲ್ಕು ಜನ ಸೇರಿದರೇ ಜಾಸ್ತಿ. ಗೌಜಿ ಇಷ್ಟ ಇರುವವರಿಗೆ ಅದು ಒಳ್ಳೆಯ ಜಾಗವೇ ಇರಬಹುದು.

ಬೆಳಿಗ್ಗೆ ಆರೂವರೆಗೇ ಹೊರಬಿದ್ದೆ. ಹೆಬ್ರಿ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿದ ಹೊಟೇಲಿಗಾಗಿಯೇ ಇನ್ನೊಂದು ಸಲ ಹೋಗುತ್ತೇನೆ. ಬೋರ್ಡಿಲ್ಲ, ನಾಲ್ಕು ಬೆಂಚು ಅಷ್ಟೆ. ಬನ್ಸ್ ಬಾಣಲೆಯಿಂದ ನೇರ ತಟ್ಟೆಗೆ ಬರುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣು ಹಾಕಿದ್ದಾರೆ, ಸಕ್ಕರೆ ಸುರಿದಿಲ್ಲ. ಕಚ್ಚಿದರೆ ಜೀರಿಗೆ ಹಲ್ಲಿಗೆ ಸಿಗುತ್ತದೆ, ಎಣ್ಣೆ ಕೈಗೆ ಅಂಟುವುದಿಲ್ಲ. ಅದರ ಮೇಲೆ ಸಜ್ಜಿಗೆ (ಉಪ್ಪಿಟ್ಟು) ಅವಲಕ್ಕಿ. ಸಜ್ಜಿಗೆ ಬಿಸಿ, ಅವಲಕ್ಕಿ ಖಾರ, ಎರಡನ್ನೂ ಕಲಸಿ ತಿನ್ನಬೇಕು. "ಬಿಸಿ ಉಂಟು, ಇನ್ನೊಂದು ಬನ್ಸ್ ಹಾಕ್ಲಾ ಮಗಾ?" ಅಂತ ಹೊಟೇಲಿನ ಅಮ್ಮ ಕೇಳಿದರೆ ಬೇಡ ಅನ್ನುವುದು ಹೇಗೆ? ಮೂರು ಬನ್ಸ್, ಸಜ್ಜಿಗೆ, ಎರಡು ಚಾ, ಎಲ್ಲ ಸೇರಿ 90 ರೂಪಾಯಿ. ಒಂಬತ್ತರ ಒಳಗೆ ಹೋಗಿ, ಆಮೇಲೆ ಬನ್ಸ್ ಇರುವುದಿಲ್ಲ.

ಉಡುಪಿ ಬಸ್ಸು ಹತ್ತಿ ಪೆರ್ಡೂರಿನಲ್ಲಿ ಇಳಿದೆ. ಭಾನುವಾರ, ಉದ್ದಕ್ಕೂ ನಿಂತೇ ಬಂದೆ. ಚೂರಿಯನ್ನು ಒರೆ ಸಮೇತ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ಅಡಿಗೆ ಹಾಕಿ. ಬಸ್ಸಿನಲ್ಲಿ ತೆಗೆದು ತೋರಿಸುವ ಆಸೆ ಬೇಡ.

ಅಲ್ಲಿ ಗೆಳೆಯನ ದೊಡ್ಡಪ್ಪನ ಹಾಡಿ. ಬಿದ್ದ ಒಣ ಮರ ಎಷ್ಟು ಬೇಕಾದರೂ ಕಡಿ, ಹಸಿ ಮುಟ್ಟಬೇಡ ಅಂದರು. ಒಂದು ಹೊಳಗೇರು ಮರ ತೋರಿಸಿ, ಅದರ ಹತ್ತಿರವೂ ಹೋಗಬೇಡ ಅಂದರು. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮರ ಗುರುತಿಸಲು ಬಾರದಿದ್ದರೆ ಊರಿನವರಿಲ್ಲದೆ ಏನನ್ನೂ ಕೆತ್ತಬೇಡಿ.

ಮಣಿಕಟ್ಟಿನಷ್ಟು ದಪ್ಪದ ಒಣ ಅಕೇಶಿಯಾ ಕೊಂಬೆಯ ಮೇಲೆ ಚೂರಿ ಇಟ್ಟು, ಬೆನ್ನಿಗೆ ಕೊರಡಿನಿಂದ ಬಡಿದೆ. ಸಲೀಸಾಗಿ ಸೀಳಿತು. ಬೆಂಕಿ ಹಿಡಿಸಲು ಎಸಳು ಎಸಳಾಗಿ ಹೆರೆದೆ, ಅದೂ ಚೆನ್ನಾಗಿ ಬಂತು. ಗೇರು ಮರದ ಗಂಟಿಗೆ ತಾಗಿದಲ್ಲಿ ಮಾತ್ರ ಚೂರಿಯ ಬಾಯಿ ಸ್ವಲ್ಪ ಮಡಚಿತು. ಉಕ್ಕಿನ ಹದ ತುಸು ಮೆದು. ಚಕ್ಕೆ ಹಾರುವುದಕ್ಕಿಂತ ಇದು ವಾಸಿ, ಸಾಣೆಕಲ್ಲಿನಲ್ಲಿ ಹತ್ತು ನಿಮಿಷದ ಕೆಲಸ. ದೊಡ್ಡ ಎಡವಟ್ಟು ಬೆನ್ನಿನದ್ದು. ಆಚಾರ್ರು ಅದನ್ನು ನುಣ್ಣಗೆ ಉರುಟು ಮಾಡಿದ್ದಾರೆ, ಫೆರೋ ರಾಡ್‌ಗೆ (ಚೂಪು ಅಂಚಿನಿಂದ ಹೆರೆದರೆ ಕಿಡಿ ಹಾರಿಸುವ ಲೋಹದ ಕಡ್ಡಿ) ಎಷ್ಟು ಉಜ್ಜಿದರೂ ಕಿಡಿ ಇಲ್ಲ. ಮಾಡಿಸುವಾಗಲೇ ಬೆನ್ನಿನ ಅಂಚು ಚೂಪಾಗಿರಲಿ ಅಂತ ಹೇಳಿಬಿಡಿ. ಕೊನೆಗೆ ಬೆಂಕಿಕಡ್ಡಿ ಗೀರಿ ಚಾ ಕಾಯಿಸಿದೆ.

ಪೊದೆ ಸವರಲು ಹೋದಾಗ ಚೂರಿ ಸೋತಿತು. ನಾನು ಐದು ನಿಮಿಷ ಒದ್ದಾಡಿದ ಬಳ್ಳಿಯನ್ನು ದೊಡ್ಡಪ್ಪ ಕತ್ತಿಯಿಂದ ಎರಡೇ ಏಟಿಗೆ ತೆಗೆದರು.

ಮನೆಗೆ ಬಂದು ಚರ್ಮದ ಒರೆಯಲ್ಲೇ ಬಿಟ್ಟೆ. ಎರಡೇ ದಿನಕ್ಕೆ ತುಕ್ಕಿನ ಚುಕ್ಕೆ. ನಮ್ಮ ಕರಾವಳಿಯ ಪಸೆಗೆ ಈ ಉಕ್ಕು ತಡೆಯುವುದಿಲ್ಲ. ಈಗ ತೆಂಗಿನೆಣ್ಣೆ ಸವರಿ ಅಡಿಕೆ ಹಾಳೆಯಲ್ಲಿ ಸುತ್ತಿಟ್ಟಿದ್ದೇನೆ. ಬೆನ್ನು ಸರಿಮಾಡಿಸಲು ಕುಲುಮೆಗೆ ಹೋಗುವುದಿದೆ, ಒಂದು ಸಣ್ಣ ಕತ್ತಿಗೂ ಹೇಳಿ ಬರಬೇಕು.