ಮಾಂಟೆರೆ ವಾರ್ಫ್‌ಗೆ ಹೋಗ್ತಿದ್ರೆ ಮೊದ್ಲು ಪ್ರಾಣಿ ನೋಡಿ, ಆಮೇಲೆ ಊಟ

ಬೇ ಏರಿಯಾಗೆ ಊರಿಂದ ಅಪ್ಪ ಅಮ್ಮ ಬಂದ್ರೆ ಎಲ್ರೂ ಕರ್ಕೊಂಡು ಹೋಗೋದು ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 39ಗೆ, ಸೀ ಲಯನ್ ಜೊತೆ ಫೋಟೋ ಹೊಡ್ಕೊಂಡು ವಾಪಸ್. ತಪ್ಪೇನಿಲ್ಲ. ಆದ್ರೆ ಕೈಯಲ್ಲಿ ಪೂರ್ತಿ ಒಂದು ದಿನ ಇದ್ರೆ ನಾನಂತೂ ದಕ್ಷಿಣಕ್ಕಿರೋ ಸಮುದ್ರ ದಡದ ಊರು ಮಾಂಟೆರೆಗೆ ಹೋಗಿ ಅಂತೀನಿ. ಅಲ್ಲಿ ಸೀ ಲಯನ್ ಜೊತೆಗೆ ಸೀಲು, ನೀರುನಾಯಿ, ಪೆಲಿಕನ್ ಎಲ್ಲಾ ನಡ್ಕೊಂಡು ಹೋಗೋ ದಾರೀಲೇ ಸಿಗತ್ತೆ, ಟಿಕೆಟ್ ಇಲ್ಲ ಏನಿಲ್ಲ.

ಸ್ಯಾನ್ ಹೋಸೆಯಿಂದ ಸುಮಾರು 75 ಮೈಲಿ. ಹೈವೇ 101 ಹಿಡ್ಕೊಂಡು ಪ್ರೂನ್‌ಡೇಲ್ ಹತ್ರ ಹೈವೇ 156ಕ್ಕೆ ತಿರುಗಿ, ಅಲ್ಲಿಂದ ಹೈವೇ 1. ಈ 156 ಇದ್ಯಲ್ಲ, ಅದು ಚಿಕ್ಕ ರೋಡು, ಶನಿವಾರ ಹತ್ತು ಗಂಟೆ ಆಯ್ತು ಅಂದ್ರೆ ಕ್ಯಾಸ್ಟ್ರೋವಿಲ್ ತನಕ ಗಾಡಿಗಳು ತೆವಳ್ತವೆ, ಅದಕ್ಕೇ ಏಳು ಗಂಟೆಗೆಲ್ಲ ಮನೆ ಬಿಡಿ, ತಿಂಡಿ ಕಾರಲ್ಲೇ ಆಗ್ಲಿ. ಬೇಸಿಗೆ ಅಂತ ಹಗುರ ಬಟ್ಟೆ ಹಾಕ್ಕೊಂಡು ಹೋಗ್ಬೇಡಿ. ಜುಲೈ ತಿಂಗಳಲ್ಲಿ ಸ್ಯಾನ್ ಹೋಸೆ ಬೇಯ್ತಾ ಇದ್ರೂ ಮಾಂಟೆರೆಯಲ್ಲಿ ಮಂಜು ಮುಸುಕಿ 15 ಡಿಗ್ರಿ ಇರತ್ತೆ, ವಯಸ್ಸಾದವ್ರಿಗೆ ಸ್ವೆಟರ್, ಕಿವಿ ಮುಚ್ಚೋ ಟೋಪಿ ಎರಡೂ ಬೇಕು.

ವಾರ್ಫ್ ಅಂದ್ರೆ ನೀರಿನ ಮೇಲೆ ಹಲಗೆ ಹಾಸಿ ಅಂಗಡಿ, ಹೋಟೆಲು ಕಟ್ಟಿರೋ ಜಾಗ, ಅದರ ಪಕ್ಕದಲ್ಲೇ ದೊಡ್ಡ ಪಾರ್ಕಿಂಗ್ ಇದೆ, ದುಡ್ಡು ಕೊಡ್ಬೇಕು, ಆದ್ರೆ ಬೆಳಿಗ್ಗೆ ಬೇಗ ಹೋದ್ರೆ ಜಾಗ ಸಿಗತ್ತೆ. ಆ ಹೊತ್ತಲ್ಲಿ ಅಂಗಡಿಗಳೆಲ್ಲ ಮುಚ್ಚಿರ್ತವೆ, ಅದೇ ಒಳ್ಳೇದು. ವಾರ್ಫ್ ಮೇಲೆ ನಡೀತಾ ಇದ್ರೆ ಹಲಗೆ ಕೆಳಗಿಂದ ಸೀ ಲಯನ್ ಬೊಗಳೋದು ಕೇಳ್ಸತ್ತೆ, ಕಣ್ಣಿಗೆ ಮಾತ್ರ ಬೀಳಲ್ಲ. ಸರಿಯಾಗಿ ನೋಡ್ಬೇಕು ಅಂದ್ರೆ ಅಲ್ಲಿಂದ ಹತ್ತು ನಿಮಿಷ ನಡೆದ್ರೆ ಕೋಸ್ಟ್ ಗಾರ್ಡ್ ಪಿಯರ್. ಅದರ ತುದಿಯ ಬಂಡೆಗಳ ಮೇಲೆ ಒಂದರ ಮೇಲೊಂದು ಬಿದ್ಕೊಂಡು, ಜಾಗಕ್ಕೆ ಜಗಳ ಆಡ್ತಾ, ಥೇಟ್ ಜನರಲ್ ಬೋಗಿ. ನಾತ ಇರತ್ತೆ, ಗಾಳಿ ನಿಮ್ಮ ಕಡೆ ಬೀಸಿದ್ರೆ ಮೂಗು ಮುಚ್ಕೋಬೇಕು. ಜೂನ್ ಜುಲೈನಲ್ಲಿ ದೊಡ್ಡ ಗಂಡುಗಳು ಸಂತಾನಕ್ಕೆ ದಕ್ಷಿಣದ ಚಾನೆಲ್ ಐಲ್ಯಾಂಡ್ಸ್ ಕಡೆ ಹೋಗ್ಬಿಡ್ತವೆ, ಆಗ ಸಂಖ್ಯೆ ಕಮ್ಮಿ, ಆಗಸ್ಟ್ ನಂತರ ಮತ್ತೆ ತುಂಬ್ಕೊಳ್ತವೆ.

ಅಲ್ಲಿಂದ ದಡದ ಪಕ್ಕದಲ್ಲೇ ಹಳೇ ರೈಲು ದಾರಿ ಮೇಲೆ ಮಾಡಿರೋ ವಾಕಿಂಗ್ ಪಾತ್ ಇದೆ, ಸಮತಟ್ಟು, ವೀಲ್‌ಚೇರ್ ಸಲೀಸಾಗಿ ಹೋಗತ್ತೆ. ಇದೇ ದಾರೀಲಿ ಕ್ಯಾನರಿ ರೋ ಅನ್ನೋ ಬೀದಿ ದಾಟಿ ಅಕ್ವೇರಿಯಂ ಆಚೆ ಹೋದ್ರೆ ಹಾಪ್ಕಿನ್ಸ್ ಅನ್ನೋ ಸಮುದ್ರ ಸಂಶೋಧನಾ ಕೇಂದ್ರದ ಹತ್ರ ಬೇಲಿಯೊಳಗೆ ಪುಟ್ಟ ಬೀಚು, ಅಲ್ಲಿ ಹಾರ್ಬರ್ ಸೀಲ್‌ಗಳು ಮರಳಲ್ಲಿ ಮಲಗಿರ್ತವೆ. ಸೀ ಲಯನ್‌ಗೆ ಹೊರಗೆ ಕಾಣೋ ಪುಟ್ಟ ಕಿವಿ ಇರತ್ತೆ, ಮುಂದಿನ ರೆಕ್ಕೆ ಊರ್ಕೊಂಡು ನಡೆಯತ್ತೆ, ಬಾಯಿ ಮುಚ್ಚಲ್ಲ. ಹಾರ್ಬರ್ ಸೀಲು ಚುಕ್ಕೆ ಚುಕ್ಕೆ, ಸದ್ದಿಲ್ಲ, ಹೊಟ್ಟೆ ಮೇಲೆ ತೆವಳತ್ತೆ. ಏಪ್ರಿಲ್ ಸುಮಾರಿಗೆ ಹೋದ್ರೆ ಮರಿಗಳೂ ಇರ್ತವೆ, ಆಗ ಮಕ್ಕಳಿಗೆ ಕೂಗಾಡ್ಬೇಡಿ ಅಂತ ಮೊದ್ಲೇ ಹೇಳಿಟ್ಟಿರಿ.

ನನಗೆ ಎಲ್ಲಕ್ಕಿಂತ ಇಷ್ಟ ನೀರುನಾಯಿ, ಸೀ ಆಟರ್. ಕೆಲ್ಪ್ ಅನ್ನೋ ಕಂದು ಪಾಚಿ ತೇಲ್ತಿರೋ ಕಡೆ ಹುಡುಕಿ. ಮೊದ್ಲು ಕಾಣೋದಕ್ಕಿಂತ ಕೇಳ್ಸೋದೇ ಜಾಸ್ತಿ, ಟಕ್ ಟಕ್ ಟಕ್ ಅಂತ. ಅಂಗಾತ ಮಲಗಿ ಎದೆ ಮೇಲೆ ಕಲ್ಲಿಟ್ಕೊಂಡು ಚಿಪ್ಪನ್ನ ಅದಕ್ಕೆ ಚಚ್ತಾ ಇರತ್ತೆ, ಒಡೆದ ತಕ್ಷಣ ಮುಂಗೈಯಿಂದ ಕಿತ್ತು ತಿಂದು, ಚೂರು ಬಿದ್ದಿರೋ ಹೊಟ್ಟೆ ತೊಳ್ಕೊಳೋಕೆ ನೀರಲ್ಲಿ ಒಂದು ಸುತ್ತು ಉರುಳಿ ಮತ್ತೆ ಮುಳುಗತ್ತೆ. ಮೈಯಲ್ಲಿ ಕೊಬ್ಬಿನ ಪದರ ಇಲ್ಲ, ಚಳಿ ತಡೆಯೋಕೆ ಇರೋದು ಆ ದಟ್ಟ ತುಪ್ಪಳ ಒಂದೇ, ಅದಕ್ಕೇ ದಿನಕ್ಕೆ ಮೈತೂಕದ ಕಾಲು ಭಾಗದಷ್ಟು ತಿನ್ಬೇಕು. ಆ ತುಪ್ಪಳಕ್ಕೋಸ್ಕರ ಎಷ್ಟು ಬೇಟೆ ಆಡಿದ್ರು ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಮುಗಿದೇ ಹೋಯ್ತು ಅನ್ಕೊಂಡಿದ್ರು, 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಐವತ್ತರಷ್ಟು ಕಂಡ್ವು, ಈಗಿರೋ ಮೂರು ಸಾವಿರದಷ್ಟು ಅವುಗಳ ಸಂತತಿ. ಬೈನಾಕ್ಯುಲರ್ ಇದ್ರೆ ಮರೀದೆ ತಗೊಂಡು ಹೋಗಿ. ಯಾವ ಪ್ರಾಣಿಗೂ ತಿಂಡಿ ಹಾಕ್ಬೇಡಿ, ಹತ್ರ ಹೋಗ್ಬೇಡಿ, 1972ರಿಂದ ಅದಕ್ಕೆ ಕಾನೂನೇ ಇದೆ, ದಂಡ ಬೀಳತ್ತೆ.

ಕ್ಯಾನರಿ ರೋ ಈಗ ಬರೀ ಟೀ ಶರ್ಟ್ ಅಂಗಡಿ, ಆದ್ರೆ ಒಂದು ಕಾಲಕ್ಕೆ ಪೂರ್ತಿ ಸಾರ್ಡಿನ್ ಡಬ್ಬಿಗೆ ತುಂಬೋ ಫ್ಯಾಕ್ಟರಿಗಳು. ನಮ್ಮ ಬೂತಾಯಿಯ ದಾಯಾದಿ ಮೀನು. 1940ರ ದಶಕದ ಕೊನೆಗೆ ಮೀನೇ ಬರೋದು ನಿಂತು ಒಂದೊಂದಾಗಿ ಬಾಗಿಲು ಹಾಕಿದ್ವು. ಅಪ್ಪ ಅಲ್ಲಿದ್ದ ಹಳೇ ಫೋಟೋಗಳ ಮುಂದೆ ನಿಂತು, ಮಲ್ಪೆಯಲ್ಲೂ ಕೆಲವು ವರ್ಷ ಬೂತಾಯಿ ಹೀಗೇ ಕೈ ಕೊಡತ್ತೆ ಅಂತ ಅರ್ಧ ಗಂಟೆ ಮಾತಾಡಿದ್ರು. ಅಕ್ವೇರಿಯಂ ಚೆನ್ನಾಗಿದೆ, 1984ರಲ್ಲಿ ಶುರುವಾಗಿದ್ದು, ಅದೂ ಹಳೇ ಸಾರ್ಡಿನ್ ಫ್ಯಾಕ್ಟರಿ ಜಾಗದಲ್ಲೇ, ಆದ್ರೆ ದೊಡ್ಡವ್ರಿಗೆ 60 ಡಾಲರ್ ಮೇಲೆ ಆಗತ್ತೆ, ಅದಕ್ಕೆ ಬೇರೆ ದಿನ ಇಟ್ಕೊಳ್ಳಿ.

ತಿಮಿಂಗಿಲ ನೋಡೋ ಬೋಟುಗಳೂ ವಾರ್ಫ್‌ನಿಂದಲೇ ಹೊರಡೋದು. ಇಲ್ಲಿ ಅಷ್ಟು ತಿಮಿಂಗಿಲ ಯಾಕೆ ಅಂದ್ರೆ ಪಕ್ಕದ ಮಾಸ್ ಲ್ಯಾಂಡಿಂಗ್ ಅನ್ನೋ ಊರಿನ ದಡದ ಹತ್ರದಿಂದಲೇ ಸಮುದ್ರದೊಳಗೆ ಮೈಲಿಗಟ್ಟಲೆ ಆಳದ ಕಣಿವೆ ಇದೆ, ಕೆಳಗಿನ ತಣ್ಣೀರು ಮೇಲೆ ಬಂದಾಗ ಸಿಗಡಿಯಂಥ ಪುಟ್ಟ ಕ್ರಿಲ್, ಆಂಚೊವಿ ಮೀನು ಎಲ್ಲಾ ಹೆಚ್ಚತ್ತೆ, ಅದನ್ನ ತಿನ್ನೋಕೆ ತಿಮಿಂಗಿಲ ಬರತ್ತೆ. ಹಂಪ್‌ಬ್ಯಾಕ್ ತಿಮಿಂಗಿಲ ಬೇಕಂದ್ರೆ ಏಪ್ರಿಲ್‌ನಿಂದ ನವೆಂಬರ್, ಗ್ರೇ ವೇಲ್ ಚಳಿಗಾಲದಲ್ಲಿ. ಬೆಳಗಿನ ಟ್ರಿಪ್ಪೇ ಬುಕ್ ಮಾಡಿ, ಮಧ್ಯಾಹ್ನ ಗಾಳಿ ಎದ್ದು ಬೋಟು ಕುಣಿಯತ್ತೆ. ವಾಂತಿ ಮಾತ್ರೆ ಬೋಟ್ ಹತ್ತಿದ ಮೇಲೆ ತಗೊಂಡ್ರೆ ಪ್ರಯೋಜನ ಇಲ್ಲ, ಒಂದು ಗಂಟೆ ಮುಂಚೆ. ಮಂಡಿನೋವಿರೋ ಹಿರಿಯರನ್ನ ಮೂರ್ನಾಲ್ಕು ಗಂಟೆ ಅದ್ರಲ್ಲಿ ಕೂರ್ಸೋದು ನನಗಂತೂ ಸರಿ ಕಾಣಲ್ಲ.

ಈಗ ಊಟ. ವಾರ್ಫ್‌ಗೆ ವಾಪಸ್ ಬರೋ ಹೊತ್ತಿಗೆ ಹೋಟೆಲುಗಳ ಮುಂದೆ ಪುಟ್ಟ ಕಪ್ಪಲ್ಲಿ ಕ್ಲ್ಯಾಮ್ ಚೌಡರ್ ಸ್ಯಾಂಪಲ್ ಕೊಡ್ತಾ ನಿಂತಿರ್ತಾರೆ, ಮುಜುಗರ ಬೇಡ, ಮೂರ್ನಾಲ್ಕು ಕಡೆ ಕುಡಿದು ನೋಡಿ ಆಮೇಲೆ ಡಿಸೈಡ್ ಮಾಡಿ. ಮರುವಾಯಿ, ಆಲೂಗಡ್ಡೆ, ಕ್ರೀಮ್ ಹಾಕಿದ ಗಟ್ಟಿ ಸೂಪು, ಹುಳಿ ಬ್ರೆಡ್ ಕೊರೆದು ಅದರೊಳಗೆ ತುಂಬಿ ಕೊಡ್ತಾರೆ. ಎಷ್ಟೋ ಕಡೆ ಬೇಕನ್ ಹಾಕಿರ್ತಾರೆ, ಹಂದಿ ತಿನ್ನದವ್ರು ಕೇಳ್ಕೊಂಡೇ ತಗೊಳ್ಳಿ. ಒಂದು ಬೋಲ್ ಇಬ್ಬರಿಗೆ ಸಾಕು. ಅಮ್ಮನ ತೀರ್ಪು, ಗಂಜಿ ಚೆನ್ನಾಗಿದೆ, ಉಪ್ಪಿನಕಾಯಿ ಇರ್ಬೇಕಿತ್ತು ಅಂತ.

ಕ್ರೀಮ್ ಸಾಸ್ ಸುರಿದ ಪಾಸ್ತಾ ಗೀಸ್ತಾಕ್ಕೆ ಹೋಗ್ಬೇಡಿ, ಮೀನಿನ ರುಚಿನೇ ಗೊತ್ತಾಗಲ್ಲ. ಕಲಮಾರಿ, ಅಂದ್ರೆ ಬೊಂಡಾಸ್, ಹುರಿದಿದ್ದು ತಗೊಳ್ಳಿ, ಇಲ್ಲಿ ರಾತ್ರಿ ದೀಪ ಹಾಕಿ ಹಿಡೀತಾರೆ. ಸ್ಯಾಂಡ್ ಡ್ಯಾಬ್ ಅಂತ ಚಪ್ಪಟೆ ಮೀನು ಸಿಗತ್ತೆ, ನಮ್ಮ ಕರಾವಳಿಯ ‘ನಂಗ್’ ಅನ್ನೋ ಮೀನು ತಿನ್ನೋರಿಗೆ ಖಂಡಿತ ಹಿಡಿಸತ್ತೆ, ಜಾಸ್ತಿ ನಿಂಬೆಹಣ್ಣು ಕೇಳಿ, ಖಾರದಪುಡಿ ಮನೆಯಿಂದಲೇ ಒಯ್ಯಿರಿ. ಡಂಜನೆಸ್ ಏಡಿ ಚಳಿಗಾಲದ್ದು. ಏಡಿ ಹಿಡಿಯೋ ಬೋನಿನ ಹಗ್ಗಕ್ಕೆ ತಿಮಿಂಗಿಲ ಸಿಕ್ಕಿಹಾಕ್ಕೊಳ್ಳತ್ತೆ ಅಂತ ಈಚೆಗೆ ಸೀಸನ್ ಶುರು ಮಾಡೋದೇ ತಡ ಮಾಡ್ತಾರೆ, ಹಾಗಾಗಿ ಜನವರಿ ಆದ್ಮೇಲೆ ಹೋದ್ರೆ ಫ್ರೆಶ್ ಸಿಗೋ ಚಾನ್ಸ್ ಜಾಸ್ತಿ. ತಟ್ಟೆ ಹಿಡ್ಕೊಂಡು ಹೊರಗೆ ಕೂತ್ರೆ ಸೀಗಲ್ ಮೇಲೆ ಒಂದು ಕಣ್ಣಿರ್ಲಿ, ಕೈಯಿಂದಲೇ ಕಿತ್ಕೊಂಡು ಹೋಗ್ತವೆ.

ಸಸ್ಯಾಹಾರಿಗಳು ಜೊತೆಗಿದ್ರೆ ಮೊಸರನ್ನ ಕಟ್ಕೊಂಡು ಹೋಗೋದೇ ವಾಸಿ, ಬೀಚ್ ಪಕ್ಕ ಕೂತು ತಿನ್ಬಹುದು. ವಾಪಸ್ ಬರುವಾಗ ಮೂರು ಗಂಟೆಗೆಲ್ಲ ಹೊರಟು ಕ್ಯಾಸ್ಟ್ರೋವಿಲ್‌ನಲ್ಲಿ ನಿಲ್ಸಿ, ಆ ಊರು ಬದುಕಿರೋದೇ ಆರ್ಟಿಚೋಕ್ ಅನ್ನೋ ಮೊಗ್ಗಿನಂಥ ತರಕಾರಿ ಬೆಳೆ ಮೇಲೆ, ಹಿಟ್ಟಲ್ಲಿ ಅದ್ದಿ ಬಜ್ಜಿ ತರ ಕರಿದು ಕೊಡ್ತಾರೆ, ಮೊಸರನ್ನ ತಿಂದವ್ರಿಗೂ ಸಮಾಧಾನ ಆಗತ್ತೆ, ಬಿಸಿ ಇರುವಾಗ್ಲೇ ತಿನ್ನಿ, ಕಾರಲ್ಲಿಟ್ಕೊಂಡ್ರೆ ಮೆತ್ತಗಾಗ್ಬಿಡತ್ತೆ.