ರಕ್ತದ ಪಾಠ, ರಕ್ತನಾಳದ ಪಾಠ ಒಂದೇ ವಾರ

ನಾನು ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ರಕ್ತದ ಪಾಠ ಒಂದು ಸೆಮಿಸ್ಟರ್, ಭ್ರೂಣದ ಪಾಠ ಇನ್ನೊಂದು. ರಕ್ತ ಎಲ್ಲಿ ಹುಟ್ಟುತ್ತೆ ಅಂದರೆ ಇಡೀ ಕ್ಲಾಸು "ಮೂಳೆ ಮಜ್ಜೆ" ಅನ್ನುತ್ತದೆ. ಇನ್ನೂ ಮೂಳೆಯೇ ಇಲ್ಲದ ಭ್ರೂಣದಲ್ಲಿ? ಎಲ್ಲರೂ ಗಪ್‌ಚುಪ್.

ಉತ್ತರ ಕೋಳಿ ಮೊಟ್ಟೆಯಲ್ಲಿದೆ. ಲ್ಯಾಬಿನ ಬೀರುವಿನಲ್ಲಿ 33, 48, 72 ಗಂಟೆಯ ಭ್ರೂಣದ ಸ್ಲೈಡುಗಳಿವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸ್ಲೈಡಿನಲ್ಲಿ ಏನೂ ಹರಿಯುವುದಿಲ್ಲ, ಇಲ್ಲಿ ಹರಿವೇ ಮುಖ್ಯ. ಅದಕ್ಕೇ ಜೀವಂತ ಮೊಟ್ಟೆ ಬೇಕು. ಅಂಗಡಿಯ ಫಾರಂ ಮೊಟ್ಟೆ ಆಗುವುದಿಲ್ಲ, ಆ ಕೋಳಿಗಳು ಹುಂಜದ ಮುಖವನ್ನೇ ನೋಡಿರುವುದಿಲ್ಲ! ಕೊರಟಗೆರೆ, ಗುಬ್ಬಿ ಕಡೆಯ ಮಕ್ಕಳು ಮನೆಯ ನಾಟಿ ಕೋಳಿ ಮೊಟ್ಟೆ ತರುತ್ತಾರೆ. ಇನ್‌ಕ್ಯುಬೇಟರ್ ಸುಮಾರು 38 ಡಿಗ್ರಿಯಲ್ಲಿರಬೇಕು.

ಎರಡನೇ ದಿನ ನೋಡಿದರೆ ಬಂಡಾರದ (ಮೊಟ್ಟೆಯ ಹಳದಿ ಭಾಗದ) ಮೇಲೆ, ಭ್ರೂಣದ ಸುತ್ತ, ಕೆಂಪು ಚುಕ್ಕೆಗಳು. ಮೊದಲ ರಕ್ತಕಣಗಳೂ ನಾಳದ ಗೋಡೆಯೂ ಅಲ್ಲಿ ಒಟ್ಟಿಗೇ ಹುಟ್ಟುತ್ತವೆ. ಮೂರನೇ ದಿನಕ್ಕೆ ನಾಳಗಳ ಜಾಲ, ಮಧ್ಯೆ ಬಡಿಯುವ ಹೃದಯ. ಮೊಬೈಲ್ ಹಿಡಿದು ನಿಂತವರನ್ನು ಮೇಜಿನಿಂದ ಸರಿಸುವುದೇ ಆಗ ನನ್ನ ಕೆಲಸ.

ಇಷ್ಟಕ್ಕೇ ನಿಲ್ಲಿಸಿದರೆ ಪಾಠ ಅರ್ಧ. ಈ ಮೊದಲ ಕಣಗಳು ತಾತ್ಕಾಲಿಕ. 1975ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಫ್ರಾಂಸ್ವಾಜ್ ಡೀಟರ್ಲೆನ್-ಲಿಯೇವ್ರ್ ಕ್ವೇಲ್ ಹಕ್ಕಿಯ ಭ್ರೂಣವನ್ನು ಕೋಳಿಯ ಬಂಡಾರದ ಮೇಲೆ ಕೂರಿಸಿ ಬೆಳೆಸಿದರು. ಮುಂದೆ ನೆಲೆನಿಂತ ರಕ್ತಕಣಗಳು ಕ್ವೇಲ್‌ನದೇ. ಅಂದರೆ ಅವು ಬಂಡಾರದಿಂದ ಬಂದವಲ್ಲ, ಭ್ರೂಣದ ಒಳಗೇ ಹುಟ್ಟಿದವು.

ಎಲ್ಲಿ? ಬೆನ್ನಿನ ಉದ್ದಕ್ಕೂ ಓಡುವ ಮಹಾಪಧಮನಿ ಎಂಬ ದೊಡ್ಡ ರಕ್ತನಾಳದ ಕೆಳಗೋಡೆಯಲ್ಲಿ. ಅಲ್ಲಿನ ಕೆಲವು ಕೋಶಗಳು ಗೋಡೆ ಬಿಟ್ಟು ರಕ್ತದ ಮೂಲಕೋಶಗಳಾಗುತ್ತವೆ, ಅಂದರೆ ಮುಂದೆ ಎಲ್ಲ ಬಗೆಯ ರಕ್ತಕಣಗಳನ್ನೂ ಹುಟ್ಟಿಸುವ ಕೋಶಗಳು. 2010ರಲ್ಲಿ ಜೀಬ್ರಾಮೀನಿನ ಪಾರದರ್ಶಕ ಭ್ರೂಣದಲ್ಲಿ ವಿಜ್ಞಾನಿಗಳು ಇದನ್ನು ನೇರವಾಗಿ ನೋಡಿದರು. ಕೋಶ ಬಾಗುತ್ತದೆ, ದುಂಡಾಗುತ್ತದೆ, ಕಳಚಿಕೊಳ್ಳುತ್ತದೆ. ರನ್ಕ್ಸ್1 ಎಂಬ ಜೀನ್ ಇಲ್ಲದಿದ್ದರೆ ಈ ಬದಲಾವಣೆ ಆಗುವುದಿಲ್ಲ. ಇದನ್ನು ಹೇಳಿದಾಗ ಒಬ್ಬ ಹುಡುಗ, "ಮೇಡಂ, ಹಂಗಾದ್ರೆ ಪೈಪೇ ನೀರು ಮಾಡ್ದಂಗಾಯ್ತಲ್ವಾ?" ಅಂದ. ನನಗಿಂತ ಚೆನ್ನಾಗಿ ಹೇಳಿದ.

ಹರಿವಿನ ಪಾತ್ರ ಇಲ್ಲಿ ಬರುತ್ತದೆ. ಹೃದಯವೇ ಬಡಿಯದ ಜೀಬ್ರಾಮೀನುಗಳಲ್ಲಿ ಈ ಮೂಲಕೋಶಗಳು ತೀರಾ ಕಡಿಮೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಒದಗಿಸುವ ಔಷಧ ಕೊಟ್ಟಾಗ ಮತ್ತೆ ಹೆಚ್ಚಾದವು. 2009ರ ಪ್ರಯೋಗ ಇದು. ಹರಿಯುವ ರಕ್ತ ಗೋಡೆಯನ್ನು ಉಜ್ಜುತ್ತದೆ, ಗೋಡೆ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಅದು ಮೂಲಕೋಶ ಹುಟ್ಟಲು ನೆರವಾಗುತ್ತದೆ. ಮನುಷ್ಯ ಭ್ರೂಣದಲ್ಲೂ ನಾಲ್ಕನೇ ವಾರದ ಕೊನೆಗೆ ಇದೇ ಗೋಡೆಯಲ್ಲಿ ಕೋಶಗಳ ಗುಂಪು ಕಾಣಿಸುತ್ತದೆ. ಆಮೇಲೆ ರಕ್ತ ತಯಾರಾಗುವ ಜಾಗ ಪಿತ್ತಜನಕಾಂಗ, ಕಡೆಗೆ ಮಜ್ಜೆ.

ಹಾಗಾಗಿ ಈಗ ಮೊಟ್ಟೆ ಒಡೆಯುವ ವಾರಕ್ಕೇ ರಕ್ತಪರಿಚಲನೆಯ ಪಾಠವನ್ನೂ ಎಳೆದುಕೊಂಡಿದ್ದೇನೆ. ಟೈಮ್‌ಟೇಬಲ್ ಹಾಕುವವರು ಗೊಣಗುತ್ತಾರೆ, ಗೊಣಗಲಿ. ನಿಮ್ಮ ಕಾಲೇಜಿನಲ್ಲಿ ಮಾಡುವುದಾದರೆ ಒಂದು ಮಾತು: ದೀಪ ಹತ್ತಿರ ಇಡಬೇಡಿ, ಭ್ರೂಣ ಬೇಗ ಒಣಗುತ್ತದೆ. ಬೆಚ್ಚಗಿನ ಸಲೈನ್ ಪಕ್ಕದಲ್ಲೇ ಇರಲಿ.